ಕಟ್ಟೆಯ ಎತ್ತರ

ಲಂಡನ್ನಿಗೆ ಹೋಗಿ ಬಂದೆ ಎಂದ ಕೂಡಲೇ ಜನ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ರಾಣಿಯ ಅರಮನೆ ನೋಡಲಿಲ್ಲ. ದೊಡ್ಡ ಗಡಿಯಾರವನ್ನು ಕಾರಿನ ಕಿಟಕಿಯಿಂದ ಅರ್ಧ ನೋಡಿದೆ, ಉಳಿದರ್ಧಕ್ಕೆ ಬಸ್ಸೊಂದು ಅಡ್ಡ ಬಂತು. ನಾನು ಸರಿಯಾಗಿ ನೋಡಿದ್ದು ಒಂದು ಬಟ್ಟೆಯ ಕಪಾಟು, ಕಾರು ನಿಲ್ಲಿಸುವ ಒಂದು ಅಂಗಳ ಮತ್ತು ಹಲಗೆಗೆ ಅಂಟಿಸಿದ ಒಂದು ನಕ್ಷೆ. ಹೋದದ್ದು ದೋಸೆ ಹೊಯ್ಯಲಿಕ್ಕೆ. ಹೊಯ್ದು ಬಂದೆ.

ಹೊರಡುವ ಮೊದಲು

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹದಿಮೂರನೇ ವಯಸ್ಸಿಗೆ ಸೋದರಮಾವನ ಹಿಂದೆ ದಿಲ್ಲಿಯ ರೈಲು ಹತ್ತಿದೆ. ಮಾವ ಆಗ ಯೂನಿವರ್ಸಿಟಿಯ ಕಡೆ ಒಂದು ಆರ್ಟ್ಸ್ ಕಾಲೇಜಿನಲ್ಲಿ ಕ್ಯಾಂಟೀನು ಹಿಡಿದಿದ್ದರು. ಅವರ ನಂತರ ಅದು ನನ್ನ ಕೈಗೆ ಬಂತು. ಮೂವತ್ತೆಂಟು ವರ್ಷಗಳಿಂದ ನನ್ನ ಹಗಲು ಅಲ್ಲಿಯೇ ಕಳೆದಿದೆ. ಇತಿಹಾಸ, ಫಿಲಾಸಫಿ, ಇಂಗ್ಲಿಷು, ಎಕನಾಮಿಕ್ಸು ಓದಲು ಬಂದ ಮಕ್ಕಳು ಮೂರು ವರ್ಷ ನನ್ನ ಕೈಯ ದೋಸೆ ತಿಂದು ಹೋಗುತ್ತಾರೆ. ಕೆಲವರು ರಾಜಿಂದರ್ ನಗರದ ಕೋಣೆಗಳಲ್ಲಿ ಕೂತು ಐಎಎಸ್‌ಗೆ ಓದುತ್ತಾರೆ. ಫಲಿತಾಂಶ ಕೈಕೊಟ್ಟ ದಿನ ಮೆಟ್ರೋ ಹಿಡಿದು ಮತ್ತೆ ನನ್ನಲ್ಲಿಗೇ ಬಂದು, ಒಂದು ಚಹಾ ತೆಗೆದುಕೊಂಡು ಕೂರುತ್ತಾರೆ. ಕೆಲವರು ಫಾರಿನ್ನಿಗೆ ಹೋಗುತ್ತಾರೆ. ಎಲ್ಲರಿಗೂ ನಾನು ‘ಅಣ್ಣಾ’. ನನ್ನ ಹೆಸರು ಪ್ರಿನ್ಸಿಪಾಲರ ಕಾಗದದಲ್ಲಿ ಮಾತ್ರ ಇದೆ.

ಲಂಡನ್ನಿನಲ್ಲಿ ನೆಲೆಸಿದ ಹಳೆ ವಿದ್ಯಾರ್ಥಿಗಳು ಇಂಟರ್ನೆಟ್ಟಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ಒಂದು ಸಂಘ ಮಾಡಿದ್ದರು. ಅವರ ಕೂಟಕ್ಕೆ ಕ್ಯಾಂಟೀನಿನ ದೋಸೆಯೇ ಬೇಕು, ಅದನ್ನು ಅಣ್ಣನೇ ಹೊಯ್ಯಬೇಕು ಎಂದು ಸಂಜೀವ ಫೋನು ಮಾಡಿದ. ಎಕನಾಮಿಕ್ಸ್ ಓದಿದವನು. ಹಾಸ್ಟೆಲಿನಲ್ಲಿದ್ದಾಗ ದಿನಕ್ಕೆ ನಾಲ್ಕು ಸಲ ಸಾಂಬಾರು ಕೇಳುತ್ತಿದ್ದ. ಟಿಕೆಟ್ಟು, ವೀಸಾ ಎಲ್ಲ ಅವನದೇ ಓಡಾಟ. ಅಕ್ಟೋಬರ್ ರಜೆಯಲ್ಲಿ ಹೇಗೂ ಕಾಲೇಜು ಮುಚ್ಚಿರುತ್ತದೆ, ಒಂದೆರಡು ದಿನ ಹೆಚ್ಚಾದರೆ ಕರೋಲ್ ಬಾಗಿನಲ್ಲಿ ಹೋಟೆಲು ಇಟ್ಟಿರುವ ತಮ್ಮ ನೋಡಿಕೊಳ್ಳುತ್ತಾನೆ ಎಂದು ಒಪ್ಪಿದೆ.

ಹೊರಡುವ ವಾರ ಪ್ರಿನ್ಸಿಪಾಲ್ ಸಾಹೇಬರು ಕರೆಸಿದರು. ಒಳ್ಳೆಯ ಮನುಷ್ಯ, ಕೂರಿಸಿಯೇ ಮಾತಾಡಿದರು. ಬರುವ ಬೇಸಿಗೆಯಲ್ಲಿ ಕ್ಯಾಂಟೀನಿನ ಹಳೆ ಕಟ್ಟಡ ಬೀಳುತ್ತದೆ. ಅಲ್ಲಿ ಹೊಸ ಕಟ್ಟಡ ಬರುತ್ತದೆ. ಅದರಲ್ಲಿ ಊಟದ ಜಾಗವನ್ನು ಟೆಂಡರ್ ಕರೆದು ಕೊಡುತ್ತಾರೆ. ಕಟ್ಟಡಕ್ಕೆ ಹಣ ಕೊಡುವವರು ಆ ಲಂಡನ್ನಿನ ಹಳೆ ವಿದ್ಯಾರ್ಥಿಗಳೇ.

"ನೀವು ಹೇಗೂ ಹೋಗ್ತಾ ಇದ್ದೀರಿ. ಅವರ ಹತ್ತಿರ ಒಂದು ಮಾತು ಹಾಕಿ. ಅವರು ನಿಮ್ಮ ಹೆಸರು ಬರೆದು ಕಳಿಸಿದರೆ ಕಮಿಟಿ ಇಲ್ಲ ಅನ್ನುವುದಿಲ್ಲ," ಎಂದರು.

ಕರೋಲ್ ಬಾಗಿನ ಮನೆಗೆ ಬಂದು ಹೆಂಡತಿ ವನಜಳಿಗೆ ಹೇಳಿದೆ. ಅವಳು ಬ್ಲೌಸು ಹೊಲಿಯುತ್ತಿದ್ದ ಮೆಷಿನು ನಿಲ್ಲಿಸಿದಳು.

"ಅಲ್ಲಿ ಹೋಗಿ ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೊಳ್ಬೇಡಿ ಮಾರಾಯ್ರೆ. ಅವರು ತಿನ್ನುವಾಗಲೇ ಕೇಳಿಬಿಡಿ."

"ತಿನ್ನುವವರ ಹತ್ತಿರ ಕೈ ಚಾಚುವುದು ನನ್ನಿಂದಾಗದು. ತಿಂದ ಮೇಲೆ ಅವರೇ ಹೇಳ್ತಾರೆ."

"ತಿಂದ ಮೇಲೆ ಕೈ ತೊಳೀತಾರೆ, ಅಷ್ಟೆ."

ನಾನು ಗಟ್ಟಿ ನಿರ್ಧಾರ ಮಾಡಿಕೊಂಡಿದ್ದೆ. ಬೇಡುವುದಿಲ್ಲ, ಕೆಲಸ ತೋರಿಸುತ್ತೇನೆ. ಮೂವತ್ತೆಂಟು ವರ್ಷ ಇದೇ ನಡೆದಿದೆ, ಇನ್ನು ನಾಲ್ಕು ದಿನ ನಡೆಯದೆ ಎಲ್ಲಿ ಹೋಗುತ್ತದೆ?

ವಿಮಾನ ನಿಲ್ದಾಣದಲ್ಲಿ ಹಿಡಿಸೂಡಿ

ಪೆಟ್ಟಿಗೆಯಲ್ಲಿ ನನ್ನ ಬಟ್ಟೆ ಕಡಿಮೆ, ಸಾಮಾನು ಹೆಚ್ಚು. ಎರಡು ಸಟ್ಟುಗ, ಹಿಟ್ಟು ಹೊಯ್ಯುವ ಚಪ್ಪಟೆ ತಳದ ಬಟ್ಟಲು, ಮೆಂತ್ಯ, ಬ್ಯಾಡಗಿ ಮೆಣಸು, ಮತ್ತೆ ಒಂದು ಮೊಳದ ಹಿಡಿಸೂಡಿ. ತೆಂಗಿನ ಗರಿಯ ಕಡ್ಡಿಗಳನ್ನು ಬಿಗಿದು ಕಟ್ಟಿದ್ದು, ಊರಿನಿಂದ ವರ್ಷಕ್ಕೆ ಒಂದು ಕಟ್ಟು ತರಿಸುತ್ತೇನೆ. ಕಾವಲಿಗೆ ನೀರು ಚಿಮುಕಿಸಿ ಅದರಲ್ಲಿ ಒಂದು ಸಲ ಗುಡಿಸಿದರೆ ಮಾತ್ರ ಮುಂದಿನ ದೋಸೆ ಗರಿಯಾಗಿ ಏಳುತ್ತದೆ. ಬಟ್ಟೆಯಿಂದ ಒರೆಸುವವರೂ ಇದ್ದಾರೆ. ಇರಲಿ.

ಲಂಡನ್ನಿನ ಕಸ್ಟಮ್ಸಿನಲ್ಲಿ ನನ್ನ ಪೆಟ್ಟಿಗೆ ತೆಗೆಸಿದ ಅಧಿಕಾರಿ ಒಬ್ಬ ಸರ್ದಾರ್‌ಜಿ. ನೀಲಿ ಪೇಟ, ಎದೆಯ ಮೇಲೆ ಸರ್ಕಾರದ ಬಿಲ್ಲೆ. ಹಿಡಿಸೂಡಿಯನ್ನು ಎರಡು ಬೆರಳಲ್ಲಿ ಹಾವಿನ ಹಾಗೆ ಎತ್ತಿ ಹಿಡಿದು ಇಂಗ್ಲಿಷಿನಲ್ಲಿ ಏನೋ ಕೇಳಿದ. ನಾನು ಪಂಜಾಬಿಯಲ್ಲಿ ಉತ್ತರ ಕೊಟ್ಟೆ. ಕರೋಲ್ ಬಾಗಿನಲ್ಲಿ ಇಷ್ಟು ವರ್ಷ ಇದ್ದವನಿಗೆ ಪಂಜಾಬಿ ಬಾರದೆ ಇರುತ್ತದೆಯೇ? ಅವನ ಮುಖ ಅರಳಿತು.

"ದೋಸೆಗೆ ಪೊರಕೆಯಾ? ನನ್ನ ಹೆಂಡತಿ ದೋಸೆ ಮಾಡ್ತಾಳೆ, ಪೊರಕೆ ಗಿರಕೆ ಏನೂ ಇಲ್ಲಪ್ಪ."

"ಅವರ ದೋಸೆ ಕಾವಲಿ ಬಿಟ್ಟು ಏಳ್ತದಾ?"

ಅವನು ಸ್ವಲ್ಪ ಯೋಚಿಸಿದ. "ಒಮ್ಮೊಮ್ಮೆ," ಎಂದ.

"ನೋಡಿ ಮತ್ತೆ."

ನಕ್ಕ. ಬಹಳ ಗೌರವದಿಂದ ಮಾತಾಡಿದ. ಆಮೇಲೆ, ಮರಗಿಡದ ಯಾವ ತುಂಡೂ ಒಳಗೆ ಬಿಡಲು ಕಾನೂನಿಲ್ಲ ಎಂದು ಹಿಡಿಸೂಡಿಯನ್ನು ಹಳದಿ ತೊಟ್ಟಿಗೆ ಹಾಕಿದ. ನಮ್ಮಲ್ಲಾದರೆ ಒಬ್ಬ ಬೈದು ಬಿಟ್ಟುಬಿಡುತ್ತಿದ್ದ. ಇಲ್ಲಿ ನಗುತ್ತಲೇ ಕಿತ್ತುಕೊಂಡರು. ಯಾವುದು ಮೇಲು ಎಂದು ಇನ್ನೂ ತೀರ್ಮಾನಿಸಿಲ್ಲ.

ಸಂಜೀವನ ಮನೆ

ಸಂಜೀವನಿಗೆ ಈಗ ಹೊಟ್ಟೆ ಬಂದಿದೆ, ತಲೆಯಲ್ಲಿ ಕೂದಲಿಲ್ಲ. ಆದರೂ "ಅಣ್ಣಾ!" ಎಂದು ಕೂಗಿದ ದನಿ ಹಾಸ್ಟೆಲಿನದೇ. ಹೆಂಡತಿ ರೀಟಾ ಅಲ್ಲಿಯೇ ಹುಟ್ಟಿ ಬೆಳೆದ ಪಂಜಾಬಿ ಹೆಂಗಸು, ಮನೆಯನ್ನು ಆಸ್ಪತ್ರೆಯ ಹಾಗೆ ಬೆಳ್ಳಗೆ ಇಟ್ಟಿದ್ದಾಳೆ. ನನ್ನ ಹೊಸ ಕೋಟು ಮಳೆಯಲ್ಲಿ ಒದ್ದೆಯಾಗಿತ್ತು. ಆಕೆಯೇ ತೆಗೆದುಕೊಂಡು ಹೋಗಿ ಎಲ್ಲಿಯೋ ಒಣಗಲು ಹಾಕಿದಳು.

ಕೂಟ ಶನಿವಾರ. ನಾನು ತಲುಪಿದ್ದು ಬುಧವಾರ. ಗುರುವಾರ ಬೆಳಿಗ್ಗೆ ಹಿಟ್ಟಿನ ಪರೀಕ್ಷೆ ಮಾಡಿಬಿಡೋಣ ಎಂದು ಅಕ್ಕಿ, ಉದ್ದು ನೆನೆಹಾಕಿದೆ. ಹೊಸ ನೀರು, ಹೊಸ ಚಳಿ. ಒಂದು ಸಲ ಅರೆದು ನೋಡದೆ ನೂರಿಪ್ಪತ್ತು ಜನರ ಎದುರು ಕಾವಲಿ ಇಡುವವನು ನಾನಲ್ಲ. ಸಂಜೀವ ಒಬ್ಬ ಗುಜರಾತಿ ಮನೆಯಿಂದ ಅರೆಯುವ ಕಲ್ಲಿನ ಮೆಷಿನು ತಂದುಕೊಟ್ಟಿದ್ದ. ಸಂಜೆ ಅರೆದು ಮುಗಿಯಿತು.

ಹಿಟ್ಟು ಹುಳಿ ಬರಲು ಬೆಚ್ಚಗಿನ ಜಾಗ ಬೇಕು. ದಿಲ್ಲಿಯ ಜನವರಿಯಲ್ಲಿ ನಾವು ಪಾತ್ರೆಗೆ ರಜಾಯಿ ಸುತ್ತಿ, ಭಟ್ಟಿಯ ಪಕ್ಕ ಕೂಸಿನ ಹಾಗೆ ಮಲಗಿಸುತ್ತೇವೆ. ಅಷ್ಟು ಮಾಡಿದರೂ ಅದು ಏಳುವುದು ಮರುದಿನ ಮಧ್ಯಾಹ್ನಕ್ಕೆ. ಇಲ್ಲಿ ಭಟ್ಟಿ ಎಲ್ಲಿಂದ ತರಲಿ? ಮನೆಯೆಲ್ಲ ಕೈಯಾಡಿಸುತ್ತ ಹೋದೆ. ಮಹಡಿಯ ಕೋಣೆಗಳ ನಡುವಿನ ಓಣಿಯಲ್ಲಿ ಒಂದು ಕಪಾಟು. ಬಾಗಿಲು ತೆಗೆದರೆ ಮುಖಕ್ಕೆ ಏಪ್ರಿಲ್ ತಿಂಗಳ ದಿಲ್ಲಿ ಹೊಡೆಯಿತು. ಒಳಗೆ ಬಿಸಿನೀರಿನ ದೊಡ್ಡ ಹಂಡೆ, ಅದರ ಮೇಲೆ ಹಲಗೆಗಳಲ್ಲಿ ಮಡಿಸಿಟ್ಟ ಟವೆಲು, ಹಾಸಿಗೆ ಬಟ್ಟೆ. ಬಟ್ಟೆ ಬೆಚ್ಚಗಿರಲಿ ಎಂದು ಒಂದು ಕೋಣೆಯನ್ನೇ ಕಟ್ಟಿಸುತ್ತಾರೆ ಇವರು! ಹಿಟ್ಟಿಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ ಎಂದುಕೊಂಡು, ದಿಲ್ಲಿಯ ಚಳಿಗಾಲದ ಅಭ್ಯಾಸದಂತೆ ಪಾತ್ರೆಯನ್ನು ಕಂಠದವರೆಗೆ ತುಂಬಿಸಿ ಮೇಲಿನ ಹಲಗೆಯಲ್ಲಿಟ್ಟು ಬಾಗಿಲು ಹಾಕಿದೆ. ಯಾರನ್ನೂ ಕೇಳಲಿಲ್ಲ. ಹಿಟ್ಟಿನ ವಿಷಯದಲ್ಲಿ ನಾನು ಯಾರನ್ನೂ ಕೇಳುವ ಕ್ರಮವಿಲ್ಲ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ರೀಟಾಳ ಕೂಗು.

ಹಿಟ್ಟು ಎದ್ದಿತ್ತು. ಎದ್ದು, ಮುಚ್ಚಳ ತಳ್ಳಿ, ಹಲಗೆಯಿಂದ ಹಲಗೆಗೆ ಇಳಿದು, ಬಿಳಿ ಟವೆಲುಗಳ ಮೇಲೆ ಬಿಳಿಯಾಗಿಯೇ ಹರಡಿ, ಕೆಳಗೆ ತೂಗುಹಾಕಿದ್ದ ಕೋಟಿನ ಎರಡೂ ಜೇಬುಗಳಲ್ಲಿ ತುಂಬಿಕೊಂಡಿತ್ತು. ಕೋಟು ನನ್ನದೇ.

ರೀಟಾ ಟವೆಲುಗಳನ್ನು ಒಂದೊಂದಾಗಿ ಎಳೆದು ನೆಲಕ್ಕೆ ಹಾಕತೊಡಗಿದಳು. ಸಂಜೀವ ಮಾತ್ರ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಬಿಡಿ ಅಣ್ಣಾ. ಅಂಗಡಿಯಲ್ಲಿ ಪ್ಯಾಕೆಟ್ ಹಿಟ್ಟು ಸಿಗುತ್ತದೆ. ಇಪ್ಪತ್ತು ಪ್ಯಾಕೆಟ್ ತರೋಣ. ಯಾರಿಗೆ ಗೊತ್ತಾಗುತ್ತದೆ?"

"ನನಗೆ ಗೊತ್ತಾಗುತ್ತದೆ," ಎಂದೆ. "ಹಿಟ್ಟು ಉಕ್ಕಿದೆ, ಸತ್ತಿಲ್ಲ. ಉಕ್ಕುವ ಹಿಟ್ಟು ಒಳ್ಳೆಯ ಹಿಟ್ಟು. ತಪ್ಪು ಪಾತ್ರೆ ತುಂಬಿಸಿದವನದು."

ಬಟ್ಟೆ ಒಗೆಯುವ ಮೆಷಿನು ಇತ್ತು. ನಾನು ಮುಟ್ಟಲಿಲ್ಲ. ಹದಿನಾಲ್ಕು ಟವೆಲು, ಆರು ಹಾಸಿಗೆ ಬಟ್ಟೆ, ಎಲ್ಲವನ್ನೂ ಬಚ್ಚಲ ತೊಟ್ಟಿಯಲ್ಲಿ ಕೂತು ಕೈಯಿಂದ ಒಗೆದೆ. ಒಗೆದು ಹಿಂಡಿದ್ದನ್ನು ರೀಟಾ ನೋಡಿದಳು. ಮಧ್ಯಾಹ್ನ ಹೊರಗೆ ಹೋಗಿ ಬಂದವಳು ಒಂದು ಕಾಗದದ ಚೀಲ ನನ್ನ ಮುಂದೆ ಇಟ್ಟಳು. ತೆಂಗಿನ ನಾರಿನ ಗಟ್ಟಿ ಬ್ರಷ್ಷು, ತೋಟದ ಕುಂಡ ತಿಕ್ಕುವಂಥದ್ದು. ಹಿಡಿಸೂಡಿಯ ಕಥೆಯನ್ನು ಗಂಡ ಹೇಳಿದ್ದನಂತೆ. ನನ್ನ ತೆಂಗನ್ನು ತೊಟ್ಟಿಗೆ ಹಾಕಿದ ದೇಶಕ್ಕೆ ಈ ತೆಂಗು ಕಾಗದಪತ್ರ ಸರಿಮಾಡಿಕೊಂಡು ಬಂದಿತ್ತು. "ಇದು ಆಗುತ್ತದಾ ಅಣ್ಣಾ?" ಎಂದು ಹಿಂದಿಯಲ್ಲಿ ಕೇಳಿದಳು. ಅಲ್ಲಿಯವರೆಗೆ ನನ್ನನ್ನು ಏನೆಂದೂ ಕರೆದಿರಲಿಲ್ಲ.

"ಬೇಕಾದಷ್ಟಾಯಿತು ತಾಯಿ," ಎಂದೆ.

ಮೇಡಂ

ಅದೇ ಶುಕ್ರವಾರ ಸಂಜೆ ಎರಡನೆಯ ಹಿಟ್ಟು ಅರೆಯುವ ಮೊದಲು ಸೇನ್ ಮೇಡಂ ಅವರನ್ನು ಕಂಡು ಬಂದೆವು. ಮೇಡಂ ನಮ್ಮ ಕಾಲೇಜಿನಲ್ಲಿ ಫಿಲಾಸಫಿ ಕಲಿಸಿ ನಿವೃತ್ತರಾದವರು. ಈಗ ಮಗಳ ಜೊತೆ ಅಲ್ಲಿದ್ದಾರೆ, ನಡೆಯಲು ಆಗುವುದಿಲ್ಲ, ಗಾಲಿ ಕುರ್ಚಿ.

ನನ್ನ ಕ್ಯಾಂಟೀನಿನ ಎದುರು ನೇರಳೆ ಮರದ ಸುತ್ತ ಒಂದು ಇಟ್ಟಿಗೆ ಕಟ್ಟೆಯಿದೆ, ಮೇಲೆ ಕೆಂಪು ಕಲ್ಲಿನ ಹಾಸು. ಚಳಿಗಾಲದಲ್ಲಿ ಮೇಡಂ ಅಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಪಾಠ ಮಾಡುತ್ತಿದ್ದರು. ಒಂದು ದಿನ ಅವರ ಹುಡುಗನೊಬ್ಬ ನನ್ನನ್ನು ಹಿಡಿದ. "ಅಣ್ಣಾ, ಯಾರೂ ನೋಡದೆ ಇರುವಾಗ ನಿನ್ನ ಈ ಮೇಜು ಇರುತ್ತದೆ ಎಂದು ಹೇಗೆ ಹೇಳುತ್ತೀ?"

"ನೀವೆಲ್ಲ ಎದ್ದು ಹೋದ ಮೇಲೆ ಒರೆಸುವವನು ನಾನು. ಇರುತ್ತದೆ," ಎಂದೆ.

ಮೇಡಂ ಚಹಾ ಚೆಲ್ಲುವಷ್ಟು ನಕ್ಕಿದ್ದರು. ಹಾಗೆಂದು ನನಗೆ ರಿಯಾಯಿತಿ ಇರಲಿಲ್ಲ. ಎರಡು ದಿನಕ್ಕೊಮ್ಮೆ ದೋಸೆ ವಾಪಸು ಬರುತ್ತಿತ್ತು: ‘ನಡುವೆ ಮೆತ್ತಗಿದೆ.’ ಇಡೀ ಕಾಲೇಜಿನಲ್ಲಿ ನನ್ನ ದೋಸೆ ಹಿಂದಕ್ಕೆ ಕಳಿಸಿದವರು ಅವರೊಬ್ಬರೇ.

ನನ್ನನ್ನು ಕಂಡು ಅವರು ಕೇಳಿದ ಮೊದಲ ಮಾತು, "ನಾಳೆ ಗರಿಯಾಗಿ ಇರುತ್ತದಾ?"

"ಇರುತ್ತದೆ ಮೇಡಂ."

ಸಂಜೀವ ಕಾರಿನಲ್ಲಿ ಬರುವಾಗಲೇ ನನ್ನಿಂದ ಟೆಂಡರಿನ ವಿಷಯ ಬಾಯಿಬಿಡಿಸಿದ್ದ. ಅದನ್ನು ಅಲ್ಲಿ ಎತ್ತಿದ. ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನಿನಗೇನು ಬೇಕು? ಬಾಯಿಬಿಟ್ಟು ಹೇಳು."

"ಏನೂ ಬೇಡ ಮೇಡಂ."

"ಬೇಡ ಅನ್ನುವುದು ನಿನ್ನ ಸೊಕ್ಕು."

"ಹೌದು ಮೇಡಂ."

"ಸೊಕ್ಕು ಇರಲಿ. ಆದರೆ ಅದಕ್ಕೊಂದು ಕೆಲಸ ಕೊಡು. ಸುಮ್ಮನೆ ಕೂರಿಸಬೇಡ," ಎಂದರು. ವಾಪಸು ಬರುವಾಗ ಆ ಮಾತು ನನ್ನ ಜೊತೆ ಕಾರಿನಲ್ಲಿ ಕೂತಿತ್ತು. ಆಮೇಲೆ ಹಿಟ್ಟು ಅರೆದು, ಪಾತ್ರೆಗಳನ್ನು ಅರ್ಧಕ್ಕೆ ಮಾತ್ರ ತುಂಬಿಸಿ, ಕೆಳಗೆ ಅಗಲವಾದ ಪರಾತದ ತಟ್ಟೆ ಇಟ್ಟು, ರೀಟಾಳನ್ನು ಕೇಳಿಯೇ ಕಪಾಟಿನ ಬಾಗಿಲನ್ನು ಒಂದು ಗೇಣು ತೆರೆದಿಟ್ಟೆ.

ಶನಿವಾರ

ಹಿಟ್ಟು ನನ್ನ ಮಾತು ಕೇಳಿತ್ತು. ಬೆರಳು ಅದ್ದಿದರೆ ಗುಳ್ಳೆ ಒಡೆದು ಉಸಿರು ಬಿಟ್ಟಿತು.

ಕೂಟ ನಡೆದದ್ದು ಚರ್ಚಿಗೆ ಸೇರಿದ ಒಂದು ಬಾಡಿಗೆ ಸಭಾಂಗಣದಲ್ಲಿ. ಹನ್ನೆರಡು ದುಂಡು ಮೇಜು, ಬಿಳಿ ಬಟ್ಟೆ, ಪ್ರತಿ ಕುರ್ಚಿಯ ಮುಂದೆ ಹೆಸರಿನ ಚೀಟಿ. ಬ್ಯಾಂಕಿನ ದೊಡ್ಡವರಿಗೆ ಮುಂದಿನ ಮೇಜು. ಬಾಗಿಲ ಬಳಿಯ ಕೊನೆಯ ಮೇಜಿನಲ್ಲಿ ಇಕ್ಬಾಲ್ ಕೂತಿದ್ದ. ಅವನ ವರ್ಷದಲ್ಲಿ ಇಂಗ್ಲಿಷಿಗೆ ಅವನೇ ಮೊದಲು ಬಂದವನು. ಈಗ ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ನನ್ನನ್ನು ಕಂಡು ಎದ್ದು ಬಂದು ತಬ್ಬಿಕೊಂಡ, ಮತ್ತೆ ತನ್ನ ಚೀಟಿಯ ಮುಂದೆ ಹೋಗಿ ಕೂತ.

ಗೋಡೆಯ ಬದಿಗೆ ಒಂದು ಹಲಗೆ, ಅದರ ಮೇಲೆ ಹೊಸ ಕಟ್ಟಡದ ಬಣ್ಣದ ನಕ್ಷೆ. ಇಂಗ್ಲಿಷಿನಲ್ಲಿ ತುಂಬ ಬರೆದಿದ್ದರು. ನಾನು ಬರೆದದ್ದನ್ನು ಬಿಟ್ಟು ಗೆರೆ ನೋಡಿದೆ. ಗೇಟು ಗೊತ್ತಾಯಿತು. ಲೈಬ್ರರಿಯ ಮೆಟ್ಟಿಲು ಗೊತ್ತಾಯಿತು. ನೇರಳೆ ಮರಕ್ಕೆ ಹಸಿರು ಚುಕ್ಕೆ ಇಟ್ಟಿದ್ದರು. ನನ್ನ ಕಾವಲಿ ಇರುವಲ್ಲಿ ಗಾಜಿನ ಕೋಣೆ, ಒಳಗೆ ಪುಟ್ಟ ಪುಟ್ಟ ಕುರ್ಚಿಗಳು. ಎಣಿಸಿದೆ, ನಲವತ್ತು. ಮರದ ಸುತ್ತ ಹುಲ್ಲು, ಹುಲ್ಲಿನ ಸುತ್ತ ಹೂಕುಂಡ. ಎರಡು ಸಲ ಹುಡುಕಿದೆ. ಕಟ್ಟೆ ಇರಲಿಲ್ಲ.

"ಅಂಕಲ್, ಹೇಗಿದೆ? ಮೈನೇ ಬನಾಯಾ ಹೈ," ಎಂದಿತು ಹಿಂದಿನಿಂದ ಒಂದು ದನಿ.

ನಂದಿನಿ. ನಕ್ಷೆ ಮಾಡಿದವಳು ಅವಳೇ ಅಂತೆ. ಅವಳ ತಂದೆ ಊರಿನಿಂದ ಬಂದು ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿದ್ದು, ಈಗ ದ್ವಾರಕಾದಲ್ಲಿ ಫ್ಲ್ಯಾಟು ಮಾಡಿಕೊಂಡಿದ್ದಾರೆ. ದಿಲ್ಲಿಯಲ್ಲೇ ಬೆಳೆದವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡಲು ಹೊರಟರೆ ಅರ್ಧ ದಾರಿಯಲ್ಲಿ ಹಿಂದಿಗೆ ಹೊರಳುತ್ತಾಳೆ. ಎಲ್ಲರಿಗೂ ಅಣ್ಣನಾದ ನಾನು ಅವಳಿಗೊಬ್ಬಳಿಗೆ ಅಂಕಲ್. ನಮ್ಮಲ್ಲಿ ಇತಿಹಾಸ ಓದಿ, ಲಂಡನ್ನಿನಲ್ಲಿ ಕಟ್ಟಡದ ನಕ್ಷೆ ಮಾಡುವುದನ್ನು ಕಲಿತವಳು. ಮೂರು ವರ್ಷ ಆ ಕಟ್ಟೆಯಲ್ಲಿ ಕೂತವಳು!

"ಚೆನ್ನಾಗಿದೆ," ಎಂದೆ. ಇನ್ನೇನು ಹೇಳಲಿ? ಹೋಗಿ ಒಲೆ ಹಚ್ಚಿದೆ.

ಅಡುಗೆಕೋಣೆಯಲ್ಲಿ ದೊಡ್ಡ ಕಾವಲಿ ಇಟ್ಟು ಮೂರನೆಯ ದೋಸೆ ಹೊಯ್ದಿದ್ದೆನಷ್ಟೆ. ಛಾವಣಿಯಲ್ಲಿ ಏನೋ ಕಿರುಚತೊಡಗಿತು. ಹೊಗೆ ಕಂಡರೆ ಕೂಗುವ ಯಂತ್ರವಂತೆ. ನಮ್ಮ ಕ್ಯಾಂಟೀನಿನಲ್ಲಿ ಅದನ್ನು ಹಾಕಿದರೆ ಒಂದೇ ದಿನದಲ್ಲಿ ಗಂಟಲು ಹೋದೀತು. ಸಭಾಂಗಣ ನೋಡಿಕೊಳ್ಳುವ ಬಿಳಿಯ ಮುದುಕ ಓಡಿ ಬಂದು, ಬಹಳ ವಿನಯದಿಂದ, ಒಲೆ ಆರಿಸಬೇಕು, ಇಲ್ಲವೇ ಹೊರಗೆ ಹೋಗಬೇಕು ಎಂದ. ಹೊರಗೆ ಎಂದರೆ ಹಿಂದಿನ ಅಂಗಳ, ಕಾರು ನಿಲ್ಲಿಸುವ ಜಾಗ.

ಸಂಜೀವನ ಮುಖ ಸಣ್ಣದಾಯಿತು. "ಹೊರಗೆ ಈ ಚಳಿಯಲ್ಲಿ ಹೇಗೆ ಅಣ್ಣಾ? ಪೀಟ್ಜಾ ತರಿಸಿಬಿಡಲಾ?"

"ಸಿಲಿಂಡರು ಎತ್ತು," ಎಂದೆ. "ನಾಲ್ಕು ಜನ ಕಾವಲಿ ಹಿಡಿಯಿರಿ. ದಿಲ್ಲಿಯ ಮಂಜಿನಲ್ಲಿ ಬೆಳಿಗ್ಗೆ ಏಳಕ್ಕೆ ಒಲೆ ಹಚ್ಚುವವನು ನಾನು. ಇದು ಯಾವ ಚಳಿ?"

ಬ್ಯಾಂಕಿನ ದೊಡ್ಡವರು ಟೈ ಹೆಗಲಿಗೆ ಎಸೆದುಕೊಂಡು ಕಾವಲಿಯ ಒಂದು ಕಿವಿ ಹಿಡಿದರು. ಇನ್ನೊಂದು ಕಿವಿ ಇಕ್ಬಾಲನದು.

ಹೊರಗೆ ಮಳೆ ನಿಂತಿತ್ತು. ರೀಟಾ ಕೊಟ್ಟ ಬ್ರಷ್ಷಿನಿಂದ ಕಾವಲಿ ಗುಡಿಸಿದೆ, ಈರುಳ್ಳಿ ಹೋಳಿನಿಂದ ಎಣ್ಣೆ ಸವರಿದೆ, ಹೊಯ್ದೆ. ಮೊದಲ ದೋಸೆ ತಾನಾಗಿಯೇ ಅಂಚು ಎತ್ತಿತು. ವಾಸನೆ ಒಳಗೆ ಹೋಯಿತು. ಒಬ್ಬ ಬಂದ, ಇಬ್ಬರು ಬಂದರು, ಆಮೇಲೆ ಬಿಳಿ ಮೇಜುಗಳ ಮುಂದೆ ಚೀಟಿಗಳು ಮಾತ್ರ ಉಳಿದವು. ಮೇಡಂ ಅವರ ಗಾಲಿ ಕುರ್ಚಿಯನ್ನೂ ಕಂಬಳಿ ಹೊದಿಸಿ ತಂದರು.

ಅಂಗಳದ ಅಂಚಿಗೆ, ಹೂಗಿಡಗಳ ಮುಂದೆ, ಇಟ್ಟಿಗೆಯ ಒಂದು ಗಿಡ್ಡ ಗೋಡೆಯಿತ್ತು. ತಟ್ಟೆ ಹಿಡಿದವರು ನಿಂತು ತಿಂದು ಸಾಕಾಗಿ ಒಬ್ಬೊಬ್ಬರಾಗಿ ಅದರ ಮೇಲೆ ಕೂತರು. ಒಳಗೆ ‘ಹೌ ಡು ಯೂ ಡು’ ಎನ್ನುತ್ತಿದ್ದವರು ಇಲ್ಲಿ ಒಬ್ಬರ ತಟ್ಟೆಗೆ ಒಬ್ಬರು ಕೈ ಹಾಕಿದರು.

"ಆಚೆ ಸರಿದು ಕೂತ್ಕೋ ಯಾರ್, ಫಸ್ಟ್ ಇಯರ್‌ನಲ್ಲೂ ನೀನು ಹೀಗೇ ಜಾಗ ತಿನ್ನುತ್ತಿದ್ದೆ."

"ನೀನು ನನ್ನ ನೋಟ್ಸ್ ತಿಂದೆಯಲ್ಲ, ಅದು?"

"ಅಣ್ಣಾ, ಇವನಿಗೆ ಚಟ್ನಿ ಕೊಡಬೇಡಿ, ಇವನು ಯೂನಿಯನ್ ಇಲೆಕ್ಷನ್‌ನಲ್ಲಿ ನನ್ನ ವಿರುದ್ಧ ನಿಂತವನು!"

ಇಕ್ಬಾಲ್ ಮತ್ತು ಆ ಬ್ಯಾಂಕಿನವರು ಮೊಣಕೈಗೆ ಮೊಣಕೈ ತಾಗಿಸಿ ಕೂತು ಯಾವುದೋ ಕವಿತೆಯ ಒಂದು ಸಾಲಿನ ಮೇಲೆ ಜಗಳ ತೆಗೆದಿದ್ದರು. ಇಕ್ಬಾಲ್ ಗೆಲ್ಲುತ್ತಿದ್ದ.

ಆಗ ನನ್ನ ಸೊಕ್ಕಿಗೆ ಕೆಲಸ ಸಿಕ್ಕಿತು. ಸಟ್ಟುಗ ಕೆಳಗಿಟ್ಟು ನಂದಿನಿಯನ್ನು ಕರೆದೆ.

"ಮಗಳೇ, ಇದು ನಿನ್ನ ನಕ್ಷೆಯಲ್ಲಿ ಎಲ್ಲಿದೆ?"

"ಯಾವುದು ಅಂಕಲ್?"

"ಇದು." ಸಾಲಾಗಿ ಕೂತವರ ಕಡೆ ಕೈ ತೋರಿಸಿದೆ. "ಮರ ಇಟ್ಟಿದ್ದೀ, ಹೂವು ಇಟ್ಟಿದ್ದೀ, ನಲವತ್ತು ಕುರ್ಚಿ ಇಟ್ಟಿದ್ದೀ. ಒಂದು ಚಹಾ ತಗೊಂಡು ಎರಡು ಪೀರಿಯಡ್ ಕೂರುವವನು ಎಲ್ಲಿ ಕೂರಬೇಕು? ಕುರ್ಚಿಯಿಂದ ಅವನನ್ನು ಯಾರಾದರೂ ಎಬ್ಬಿಸ್ತಾರೆ, ಗಿರಾಕಿ ಕಾಯ್ತಿದ್ದಾರೆ ಅಂತಾರೆ. ಕಟ್ಟೆಯಿಂದ ಎಬ್ಬಿಸಲಿಕ್ಕೆ ಯಾರಿಗೂ ಅಧಿಕಾರ ಇಲ್ಲ. ನನಗೂ ಇರಲಿಲ್ಲ."

ಅವಳು ಗೋಡೆಯನ್ನು ನೋಡಿದಳು. ಬಾಯಿಗೆ ಹಾಕಬೇಕಿದ್ದ ತುಂಡು ಕೈಯಲ್ಲೇ ಉಳಿಯಿತು. "ಮೈ ಭೂಲ್ ಗಯೀ ಅಂಕಲ್, ಮರೆತೇಬಿಟ್ಟೆ," ಎಂದಳು. "ಅಳತೆ ತೆಗೆದವರು ಕಳಿಸಿದ ಪಟ್ಟಿಯಲ್ಲಿ ಕಟ್ಟೆ ಇರಲಿಲ್ಲ. ನನಗೂ... ಹೊಳೆಯಲೇ ಇಲ್ಲ."

ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಸಂಜೀವ ಎದ್ದು ನಿಂತ. "ಸರಿ, ಕಟ್ಟೆ ಆಯ್ತು. ನಿಮ್ಮ ವಿಷಯ ಹೇಳಿ ಅಣ್ಣಾ. ಇಲ್ಲಿ ನಾವೆಲ್ಲ ಇದ್ದೀವಿ. ಹೊಸ ಕ್ಯಾಂಟೀನು ನಿಮಗೇ ಕೊಡಬೇಕು ಎಂದು ಇವತ್ತೇ ಬರೆದು ಸಹಿ ಹಾಕ್ತೇವೆ. ನೀವು ಹೂಂ ಅನ್ನಿ."

ವನಜಳ ಮುಖ ಕಣ್ಣ ಮುಂದೆ ಬಂತು. ಸುಳ್ಳು ಹೇಳುವುದಿಲ್ಲ, ಹೂಂ ಎಂಬುದು ಗಂಟಲವರೆಗೆ ಬಂದಿತ್ತು. ಆ ಕ್ಯಾಂಟೀನು ಹೋದರೆ ಐವತ್ತೊಂದನೇ ವಯಸ್ಸಿಗೆ ನಾನು ಕರೋಲ್ ಬಾಗಿನ ತಮ್ಮನ ಹೋಟೆಲಿನಲ್ಲಿ ಇನ್ನೊಬ್ಬರ ಕಾವಲಿಯ ಮುಂದೆ ನಿಲ್ಲಬೇಕು. ಆದರೆ ಒಂದು ಕಾಗದದಲ್ಲಿ ಎರಡು ಮಾತು ಬರೆದರೆ ಕಮಿಟಿಯವರು ಮೊದಲು ಕತ್ತರಿಸುವುದು ಕಟ್ಟೆಯನ್ನೇ ಎಂದೂ ನನಗೆ ಗೊತ್ತಿತ್ತು. ಇಲ್ಲವೇ, ಹಳೆ ದೋಸೆಯವನ ಮೇಲಿನ ಪ್ರೀತಿಗೆ ಬರೆದಿದ್ದಾರೆ ಎಂದು ಇಡೀ ಕಾಗದವನ್ನೇ ಬದಿಗಿಡುತ್ತಾರೆ.

"ಕ್ಯಾಂಟೀನಿಗೆ ಟೆಂಡರ್ ಇದೆ," ಎಂದೆ. "ಎಲ್ಲರ ಹಾಗೆ ನಾನೂ ಹಾಕ್ತೇನೆ. ನನ್ನ ಕೈಯಲ್ಲಿ ಕೆಲಸ ಇದೆ, ಸಿಕ್ಕಿದರೆ ಸಿಗಲಿ. ಕಟ್ಟೆಗೆ ಟೆಂಡರ್ ಹಾಕುವವರು ಯಾರೂ ಇಲ್ಲ. ಬರೆಯುವುದಿದ್ದರೆ ಅದಕ್ಕೆ ಬರೆಯಿರಿ. ಅದಕ್ಕೆ ಮಾತ್ರ."

ಬೆನ್ನ ಹಿಂದೆ ಕಾವಲಿ ಚುರುಗುಟ್ಟುತ್ತಿತ್ತು. ಆಮೇಲೆ ಗಾಲಿ ಕುರ್ಚಿಯಿಂದ ದನಿ ಬಂತು.

"ಅದು ಸೀದು ಹೋಗುತ್ತಿದೆ ನೋಡು."

ತಿರುಗಿ ನೋಡಿದರೆ ನಿಜ. ಕಾವಲಿಯ ಮೇಲಿದ್ದುದನ್ನು ಎತ್ತಿ ಬಿಸಾಕಿ ಹೊಸದು ಹೊಯ್ದು ಮೇಡಂ ಅವರಿಗೆ ಕೊಟ್ಟೆ. ಅವರು ನಡುವಿಗೆ ಬೆರಳು ಒತ್ತಿ ನೋಡಿದರು. ತಟ್ಟೆ ಈ ಸಲ ವಾಪಸು ಬರಲಿಲ್ಲ.

ಕೂಟ ಮುಗಿಯುವ ಮೊದಲು ನಂದಿನಿ ಪೆನ್ಸಿಲು ಹಿಡಿದು ಬಂದಳು. "ಅಂಕಲ್, ಎತ್ತರ ಎಷ್ಟು? ಅಗಲ?"

ನಾನು ಕೈ ಅಡ್ಡ ಹಿಡಿದು ತೋರಿಸಿದೆ.

"ಹಾಗಲ್ಲ, ಇಂಚಿನಲ್ಲಿ. ಎರಡು ಇಂಚು ಹೆಚ್ಚಾದರೆ ಕಾಲು ತೂಗಾಡುತ್ತದೆ, ಕಡಿಮೆಯಾದರೆ ಎದ್ದೇಳಲು ಕಷ್ಟ. ಫಿರ್ ಕೋಯೀ ನಹೀ ಬೈಠೇಗಾ, ಯಾರೂ ಕೂರಲ್ಲ."

ಮೂವತ್ತೆಂಟು ವರ್ಷ ದಿನಕ್ಕೆ ಎರಡು ಸಲ ಗುಡಿಸಿದ ಕಟ್ಟೆ. ಎತ್ತರ ಗೊತ್ತಿರಲಿಲ್ಲ. "ಬುಧವಾರ ಕಾಲೇಜಿಗೆ ಹೋಗ್ತೇನೆ. ಅಳೆದು ಕಳಿಸ್ತೇನೆ," ಎಂದೆ.

ಮತ್ತೆ ದಿಲ್ಲಿ

ಬಾಗಿಲಲ್ಲೇ ವನಜ ಕೇಳಿದಳು. "ಕೇಳಿದ್ರಾ?"

"ಕೇಳಿದೆ."

"ಎಂತ ಹೇಳಿದ್ರು?"

"ಆಗಲಿ ಅಂದ್ರು. ಬರೆದು ಸಹಿ ಹಾಕಿದ್ದಾರೆ."

ಅವಳ ಮುಖ ಹೂವಾಯಿತು. "ಅಂತೂ ಕ್ಯಾಂಟೀನು ನಮಗೇ!"

"ಕ್ಯಾಂಟೀನಲ್ಲ. ಕಟ್ಟೆ."

ವನಜ ಹಣೆ ಚಚ್ಚಿಕೊಂಡಳು. ನಾನು ಇಡೀ ಕಥೆ ಹೇಳಿದೆ. ಅವಳು ಕೇಳುತ್ತ ಕೋಟಿನ ಜೇಬಿಗೆ ಕೈ ಹಾಕಿ, ಒಣಗಿದ ಹಿಟ್ಟಿನ ಚೂರು ತೆಗೆದು ಮೂಸಿ ನೋಡಿದಳು. "ಹುಳಿ ಚೆನ್ನಾಗಿ ಬಂದಿತ್ತು," ಎಂದಳು. ಅವಳ ಸಿಟ್ಟು ಇಳಿಯುವುದು ಹೀಗೆ. ಬುಧವಾರ ಬೆಳಿಗ್ಗೆ ನಾನು ಹೊರಡುವಾಗ ಹೊಲಿಗೆ ಪೆಟ್ಟಿಗೆಯಿಂದ ಟೇಪು ತೆಗೆದು ಕೈಗಿಟ್ಟಳು. "ಅಳತೆಯನ್ನಾದರೂ ಸರಿ ತಗೊಳ್ಳಿ. ಎರಡೆರಡು ಸಲ."

ಟೆಂಡರಿನ ಅರ್ಜಿ ಬಂದಿತ್ತು. ಅದರಲ್ಲಿ ಓದಿನ ಬಗ್ಗೆ ಒಂದು ಕಾಲಂ ಇದೆ. ತಮ್ಮ ಬರೆದುಕೊಡುತ್ತೇನೆ ಎಂದ, ಬೇಡ ಎಂದೆ. ಆರನೇ ಕ್ಲಾಸು ಎಂದು ನಾನೇ ಇಂಗ್ಲಿಷಿನಲ್ಲಿ ಬರೆದೆ. ಅನುಭವ ಎಂಬ ಕಾಲಂ ಸಣ್ಣದಿತ್ತು. ಮೂವತ್ತೆಂಟು ಎಂಬ ಅಂಕಿ ಮಾತ್ರ ಹಿಡಿಸಿತು, ಸಾಕು. ನೀವು ಇದನ್ನು ಓದುವ ಹೊತ್ತಿಗೂ ಲಕೋಟೆ ಒಡೆದಿರಲಾರರು. ಒಡೆಯಲಿ, ಆಗ ನೋಡೋಣ.

ಕ್ಯಾಂಟೀನಿನಲ್ಲಿ ನನ್ನ ಕಂಡು ಮೊದಲು ಕೇಳಿಬಂದದ್ದು ಸ್ವಾಗತವಲ್ಲ. "ಅಣ್ಣಾ, ಎಲ್ಲಿ ಹೋಗಿದ್ರಿ? ಎರಡು ದಿನದಿಂದ ಸಾಂಬಾರು ನೀರು!" ತಮ್ಮನ ಕಡೆ ನೋಡಿದೆ, ಅವನು ಒಲೆಯ ಕಡೆ ನೋಡಿದ.

ಟೇಪು ಹಿಡಿದು ಕಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ನೇರಳೆ ಮರದ ಬೇರಿನ ಕಡೆ ಹದಿನೆಂಟು ಇಂಚು. ಲೈಬ್ರರಿ ಕಡೆಯ ತುದಿಯಲ್ಲಿಯೂ ಹದಿನೆಂಟು. ನಡುವೆ ಹದಿನೇಳೂ ಕಾಲು. ಅಲ್ಲಿ ಕಲ್ಲು ಸವೆದು ತಗ್ಗಾಗಿದೆ, ಮೇಡಂ ಕೂರುತ್ತಿದ್ದ ಜಾಗ. ಅದನ್ನೂ ಬರೆದುಕೊಂಡೆ. ಅಗಲ ಅಳೆಯಬೇಕಿತ್ತು. ಅಲ್ಲಿ ಒಬ್ಬ ಹುಡುಗಿ ಕಾಲು ಮಡಿಸಿ ಕೂತು, ತೊಡೆಯ ಮೇಲೆ ದಪ್ಪ ಪುಸ್ತಕ ಬಿಡಿಸಿಕೊಂಡಿದ್ದಳು. ಪಕ್ಕದ ಚಹಾ ಯಾವಾಗಲೋ ತಣ್ಣಗಾಗಿತ್ತು. ನನ್ನ ಟೇಪು ಕಂಡು ಗಡಬಡಿಸಿ ಪುಸ್ತಕ ಮುಚ್ಚಿದಳು.

"ಏಳಬೇಕಾ ಅಣ್ಣಾ?"

"ಬೇಡ," ಎಂದೆ. "ಕೂತಿರು. ಕೂತಿರುವಾಗಲೇ ಸರಿಯಾದ ಅಳತೆ ಸಿಗುವುದು."